ಮಕ್ಕಳ ಮಾತು ಬಲ್ಲವರನ್ನು ನೇಮಿಸಿ: ಪೂರಾ ಬೆಲ್ಪ್ರೆಯವರ ನೆನಪಿನಲ್ಲಿ ನಗರ ಗ್ರಂಥಾಲಯಗಳ ಹೊಣೆ ಹೊತ್ತವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಗ್ರಂಥಾಲಯಗಳ ಮುಂಗಡಪತ್ರ ಸಿದ್ಧವಾಗುವ ಹೊತ್ತಿಗೆ ತಮ್ಮ ಮೇಜಿನ ಮೇಲೆ ಬರುವ ಕಾಗದಗಳಲ್ಲಿ ಕಟ್ಟಡದ ದುರಸ್ತಿಗೆ, ಪುಸ್ತಕ ಖರೀದಿಗೆ, ಕಂಪ್ಯೂಟರುಗಳಿಗೆ ಒಂದೊಂದು ಕಡತವಿರುತ್ತದೆ. ಮಕ್ಕಳ ವಿಭಾಗದಲ್ಲಿ ಯಾರು ಕೂರಬೇಕು, ಆ ಬೀದಿಯ ಮಕ್ಕಳು ಮನೆಯಲ್ಲಿ ಆಡುವ ಮಾತು ಅವರಿಗೆ ಬರುತ್ತದೆಯೇ ಎಂಬ ಪ್ರಶ್ನೆಗೆ ಮಾತ್ರ ಪ್ರತ್ಯೇಕ ಕಡತವಿರುವುದು ಅಪರೂಪ. ಆ ಒಂದು ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು ಈ ಪತ್ರ ಬರೆಯುತ್ತಿದ್ದೇನೆ. ಅದಕ್ಕೆ ಉತ್ತರವನ್ನು ನನ್ನ ಅಭಿಪ್ರಾಯದ ಬಲದಿಂದ ಹೇಳುವುದಕ್ಕಿಂತ, 1982ರ ಜುಲೈ 1ರಂದು ನ್ಯೂಯಾರ್ಕ್ ನಗರದಲ್ಲಿ ತೀರಿಕೊಂಡ ಪೂರಾ ಬೆಲ್ಪ್ರೆ ಎಂಬ ಗ್ರಂಥಪಾಲಕಿಯ ಬದುಕಿನಿಂದ ಹೇಳುವುದು ಉಚಿತವೆಂದು ನನಗೆ ತೋರಿದೆ.

ನಾನು ಗ್ರಂಥಾಲಯದ ನೌಕರನಲ್ಲ. ಶಾಲೆ ಬಿಟ್ಟಿರುವ, ಇಲ್ಲವೇ ಬಿಡುವ ಅಂಚಿಗೆ ಬಂದಿರುವ ಹದಿಹರೆಯದ ಹುಡುಗ ಹುಡುಗಿಯರ ಜೊತೆ ವಾರದಲ್ಲಿ ಮೂರು ಸಂಜೆ ಕೂತು ಓದುವ ಸ್ವಯಂಸೇವಕ. ಅವರಲ್ಲಿ ಹದಿನಾಲ್ಕು ವರ್ಷದ ಒಬ್ಬ ಹುಡುಗನನ್ನು ಕೆಲವು ತಿಂಗಳ ಹಿಂದೆ ಒಂದು ಸಾರ್ವಜನಿಕ ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿದ್ದೆ. ಮೇಜಿನ ಹಿಂದೆ ಕೂತಿದ್ದವರು ಅವನನ್ನು ಕೇಳಿದ ಮೊದಲ ಮಾತು ವಿಳಾಸದ ದಾಖಲೆ ಎಲ್ಲಿ ಎಂಬುದು. ಎರಡನೆಯದು, ಅವನು ತಡವರಿಸುತ್ತ ಏನೋ ಹೇಳಿದಾಗ, ಸರಿಯಾಗಿ ಮಾತಾಡು ಎಂಬುದು. ಅವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಇಡೀ ಸಂಜೆ ಒಬ್ಬರೇ ಆ ಮೇಜನ್ನು ನೋಡಿಕೊಳ್ಳುತ್ತಿದ್ದರು, ಹುಡುಗನ ಮನೆಮಾತು ಅವರಿಗೆ ತಿಳಿಯದು, ತಿಳಿದಿರಬೇಕೆಂದು ಅವರಿಗೆ ಯಾರೂ ಹೇಳಿರಲೂ ಇಲ್ಲ. ಹುಡುಗ ಅಂದು ತಿರುಗಿ ಹೋದವನು ಇಂದಿಗೂ ಆ ಕಟ್ಟಡದ ಒಳಗೆ ಕಾಲಿಟ್ಟಿಲ್ಲ. ಅವನನ್ನು ಹೇಗೆ ಮರಳಿ ಕರೆತರುವುದೆಂದು ಯೋಚಿಸುತ್ತಿದ್ದ ದಿನಗಳಲ್ಲಿಯೇ ಪೂರಾ ಬೆಲ್ಪ್ರೆಯವರ ಬದುಕನ್ನು ನಾನು ಮತ್ತೆ ಓದಿದ್ದು.

ಬೆಲ್ಪ್ರೆ ಹುಟ್ಟಿದ್ದು ಪೋರ್ಟೊ ರಿಕೊ ದ್ವೀಪದ ಸಿದ್ರಾ ಎಂಬ ಊರಿನಲ್ಲಿ, ಇಪ್ಪತ್ತನೆಯ ಶತಮಾನ ಕಣ್ಣುಬಿಡುವ ಹೊತ್ತಿಗೆ. 1898ರಲ್ಲಿ ಸ್ಪೇನಿನ ಕೈಯಿಂದ ಅಮೆರಿಕದ ಕೈಗೆ ಬಂದಿದ್ದ ಆ ದ್ವೀಪದ ಜನರಿಗೆ 1917ರ ಕಾಯಿದೆಯಿಂದ ಅಮೆರಿಕದ ಪೌರತ್ವ ಸಿಕ್ಕಿತು. ಕೆಲಸ ಹುಡುಕಿಕೊಂಡು ನ್ಯೂಯಾರ್ಕಿಗೆ ಬರುವವರ ಸಂಖ್ಯೆ ಆಮೇಲೆ ಏರುತ್ತ ಹೋಯಿತು. ಪೋರ್ಟೊ ರಿಕೊ ವಿಶ್ವವಿದ್ಯಾಲಯಕ್ಕೆ ಸೇರಿ ಶಿಕ್ಷಕಿಯಾಗಬೇಕೆಂದಿದ್ದ ಬೆಲ್ಪ್ರೆ ಅಕ್ಕನ ಮದುವೆಗೆಂದು ನ್ಯೂಯಾರ್ಕಿಗೆ ಬಂದರು, ಅಲ್ಲಿಯೇ ಉಳಿದರು. ಮೊದಲಿಗೆ ಅವರು ಮಾಡಿದ್ದು ಸಿದ್ಧ ಉಡುಪಿನ ಉದ್ಯಮದಲ್ಲಿ ಕೆಲಸ.

ಅವರು ಗ್ರಂಥಾಲಯಕ್ಕೆ ಬಂದ ಬಗೆಯನ್ನು ತಾವು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇನೆ, ಏಕೆಂದರೆ ಅದು ಒಬ್ಬ ಆಡಳಿತಗಾರ್ತಿ ತೆಗೆದುಕೊಂಡ ತೀರ್ಮಾನದ ಫಲ. ಕಪ್ಪು ಜನರು ಹೆಚ್ಚಾಗಿ ನೆಲೆಸತೊಡಗಿದ್ದ ನ್ಯೂಯಾರ್ಕಿನ ಬಡಾವಣೆಯಾದ ಹಾರ್ಲೆಮ್‌ನ 135ನೇ ಬೀದಿಯಲ್ಲಿದ್ದ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಶಾಖೆಗೆ 1920ರಲ್ಲಿ ಮುಖ್ಯಸ್ಥೆಯಾಗಿ ಬಂದವರು ಅರ್ನೆಸ್ಟೀನ್ ರೋಸ್. ಅದಕ್ಕೂ ಮೊದಲು ಅವರು ನಗರದ ಕೆಳ ಪೂರ್ವ ಭಾಗದಲ್ಲಿ, ಯುರೋಪಿನಿಂದ ವಲಸೆ ಬಂದ ಯಹೂದಿ ಕುಟುಂಬಗಳ ನಡುವೆ ಕೆಲಸ ಮಾಡಿದ್ದರು. ಓದುಗರ ನಡುವಿನಿಂದ ಬಂದವರು ಸಿಬ್ಬಂದಿಯಲ್ಲಿ ಇರದಿದ್ದರೆ ಗ್ರಂಥಾಲಯ ಆ ಓಣಿಗೆ ಪರಕೀಯವಾಗಿಯೇ ಉಳಿಯುತ್ತದೆ ಎಂಬ ತಿಳಿವಳಿಕೆಯನ್ನು ಅವರು ಹಾರ್ಲೆಮಿಗೆ ತಂದರು. ಆ ಗ್ರಂಥಾಲಯ ವ್ಯವಸ್ಥೆಯ ಮೊದಲ ಕಪ್ಪು ಗ್ರಂಥಪಾಲಕಿ ಕ್ಯಾಥರೀನ್ ಲ್ಯಾಟಿಮರ್ ಅದೇ ಶಾಖೆಯಲ್ಲಿದ್ದರು. ಸುತ್ತಮುತ್ತ ಸ್ಪ್ಯಾನಿಷ್ ಮಾತಾಡುವವರು ಹೆಚ್ಚುತ್ತಿರುವುದನ್ನು ಕಂಡ ರೋಸ್ ಆ ಭಾಷೆ ಬಲ್ಲ ಒಬ್ಬ ಸಹಾಯಕಿಯನ್ನು ಹುಡುಕಿದರು. ಕೆಲಸದ ಕರೆ ಮೊದಲು ಬಂದದ್ದು ಬೆಲ್ಪ್ರೆಯವರ ಅಕ್ಕನಿಗೆ; ಆಕೆಯ ಗಂಡ ಒಪ್ಪಲಿಲ್ಲ. ಅಕ್ಕನ ಬದಲಿಗೆ ತಂಗಿ ಹೋದರು. ಹೀಗೆ 1921ರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ ನೇಮಿಸಿಕೊಂಡ ಮೊದಲ ಪೋರ್ಟೊ ರಿಕೊ ಮೂಲದ ವ್ಯಕ್ತಿ ಅವರಾದರು.

ಆ ದಿನ ಬೆಲ್ಪ್ರೆಯವರ ಕೈಯಲ್ಲಿ ಗ್ರಂಥಾಲಯ ವಿಜ್ಞಾನದ ಅರ್ಹತೆ ಇರಲಿಲ್ಲ ಎಂಬುದು ನನಗೆ ಬಹಳ ಮುಖ್ಯವೆನಿಸುತ್ತದೆ. ಅವರಿಗೆ ಮಕ್ಕಳ ಭಾಷೆ ಗೊತ್ತಿತ್ತು, ಅಜ್ಜಿ ಹೇಳಿದ ಕಥೆಗಳು ಗೊತ್ತಿದ್ದವು. ಉಳಿದದ್ದನ್ನು ಕಲಿಸುವ ಹೊಣೆಯನ್ನು ಸಂಸ್ಥೆ ಹೊತ್ತಿತು: ಕೆಲವು ವರ್ಷಗಳ ನಂತರ ಅವರು ಅದೇ ಗ್ರಂಥಾಲಯ ನಡೆಸುತ್ತಿದ್ದ ಗ್ರಂಥಪಾಲಕರ ಶಾಲೆಯಲ್ಲಿ ತರಬೇತಿ ಪಡೆದರು. ಇಂದಿನ ನೇಮಕಾತಿ ನಿಯಮಗಳಲ್ಲಿ ಈ ಕ್ರಮ ತಲೆಕೆಳಗಾಗಿರುವುದೇ ಹೆಚ್ಚು. ಪದವಿ ಮೊದಲ ಷರತ್ತಾಗುತ್ತದೆ. ಓಣಿಯ ಭಾಷೆ ಷರತ್ತುಗಳ ಪಟ್ಟಿಯಲ್ಲಿಯೇ ಇರುವುದಿಲ್ಲ. ಪದವಿಯನ್ನು ಎರಡು ವರ್ಷದಲ್ಲಿ ಕೊಡಿಸಬಹುದು, ಆದರೆ ಒಂದು ಮಗು ತನ್ನ ಮನೆಯಲ್ಲಿ ಕೇಳುವ ಮಾತಿನ ಒಳಸುಳಿಗಳನ್ನು ಎರಡು ವರ್ಷದ ಪಠ್ಯಕ್ರಮದಲ್ಲಿ ಯಾರಿಗೂ ಕೊಡಿಸಲಾಗದು.

ತರಬೇತಿಯ ಕಾಲದಲ್ಲಿ ಕಥೆ ಹೇಳುವ ಕಲೆಯ ತರಗತಿಗೆಂದು ಬೆಲ್ಪ್ರೆ ಬಾಲ್ಯದಲ್ಲಿ ಅಜ್ಜಿಯಿಂದ ಕೇಳಿದ್ದ ಒಂದು ಕಥೆಯನ್ನು ಬರೆದರು. ನಾಜೂಕಿನ ಜಿರಲೆ ಮಾರ್ಟೀನಾಳನ್ನು ಮದುವೆಯಾಗಲು ಒಂದಾದ ಮೇಲೊಂದು ಪ್ರಾಣಿ ಬರುತ್ತದೆ. ಆಕೆ ಎಲ್ಲರನ್ನೂ ಮಾತಾಡಿಸಿ, ಒಬ್ಬೊಬ್ಬರ ದನಿಯನ್ನೂ ಕೇಳಿ, ಕೊನೆಗೆ ಪೆರೆಸ್ ಎಂಬ ಇಲಿಯನ್ನು ಒಪ್ಪುತ್ತಾಳೆ. ಆ ಪೆರೆಸ್ ಕುದಿಯುವ ಪಾತ್ರೆಗೆ ಬಿದ್ದು ಸಾಯುತ್ತಾನೆ, ಮಾರ್ಟೀನಾ ಗಿಟಾರ್ ನುಡಿಸುತ್ತ ಅವನಿಗಾಗಿ ಹಾಡಿ ಅಳುತ್ತಾಳೆ. ಗ್ರಂಥಾಲಯದ ಕಪಾಟುಗಳಲ್ಲಿ ತನ್ನ ನಾಡಿನ ಜಾನಪದ ಕಥೆಗಳನ್ನು ಹುಡುಕಿದ ಬೆಲ್ಪ್ರೆಯವರಿಗೆ ಒಂದೂ ಸಿಕ್ಕಿರಲಿಲ್ಲ. ಅಲ್ಲಿನ ಕಥಾಸಮಯಕ್ಕೆ ಒಂದು ಕಟ್ಟುನಿಟ್ಟಿನ ಪದ್ಧತಿಯೂ ಇತ್ತು: ಮಕ್ಕಳಿಗೆ ಹೇಳುವ ಕಥೆ ಅಚ್ಚಾದ ಪುಸ್ತಕದ್ದೇ ಆಗಿರಬೇಕು. ಮಕ್ಕಳು ಕಥೆ ಕೇಳಿ ಪುಸ್ತಕಕ್ಕೆ ಕೈ ಚಾಚಲಿ ಎಂಬ ಒಳ್ಳೆಯ ಉದ್ದೇಶದ ಪದ್ಧತಿಯೇ ಅದು. ಆದರೆ ಯಾವ ಜನರ ಕಥೆಗಳು ಇನ್ನೂ ಅಚ್ಚಿನ ಮನೆಯ ಮುಖವನ್ನೇ ಕಂಡಿಲ್ಲವೋ ಆ ಜನರ ಮಕ್ಕಳಿಗೆ ಅದೇ ಪದ್ಧತಿ ಬಾಗಿಲಿಗೆ ಹಾಕಿದ ಅಗಳಿಯಾಗಿತ್ತು.

ಬೆಲ್ಪ್ರೆ ವಿಶೇಷ ಅನುಮತಿ ಕೇಳಿದರು. ಮೇಲಿನವರು ಕೊಟ್ಟರು. ಪೆರೆಸ್ ಮತ್ತು ಮಾರ್ಟೀನಾ ಮೊದಲು ಹಾರ್ಲೆಮಿನ ಮಕ್ಕಳ ಕಿವಿಗೆ ಬಂದರು, ಆಮೇಲೆ 1932ರಲ್ಲಿ ಫ್ರೆಡರಿಕ್ ವಾರ್ನ್ ಪ್ರಕಾಶನದಿಂದ ಪುಸ್ತಕವಾಗಿ ಬಂದರು. ಯಾರೋ ಒಬ್ಬ ಅಧಿಕಾರಿ ಆ ಅನುಮತಿಯ ಅರ್ಜಿಯನ್ನು ನಿಯಮದ ಹೆಸರಿನಲ್ಲಿ ತಿರಸ್ಕರಿಸಿದ್ದರೆ ಏನಾಗುತ್ತಿತ್ತೆಂದು ನಾನು ಆಗಾಗ ಯೋಚಿಸುತ್ತೇನೆ. ಆ ಅಧಿಕಾರಿಯ ಮೇಲೆ ಯಾರೂ ತಪ್ಪು ಹೊರಿಸುತ್ತಿರಲಿಲ್ಲ, ಕಡತದಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತಿತ್ತು.

ಆ ಕಥಾಸಮಯಗಳಿಗೆ ಒಂದು ಚೆಲುವಾದ ಆಚರಣೆಯಿತ್ತು. ಮೇಣದ ಬತ್ತಿ ಹಚ್ಚಿ ಕಥೆ ಶುರು ಮಾಡುವರು. ಮುಗಿದ ಮೇಲೆ ಮಗು ಮನಸ್ಸಿನಲ್ಲಿಯೇ ಒಂದು ಆಸೆಯನ್ನು ಹೇಳಿಕೊಂಡು ಬತ್ತಿಯನ್ನು ಊದಿ ಆರಿಸುವುದು. ಗದ್ದಲದ, ಇಕ್ಕಟ್ಟಾದ ಬಾಡಿಗೆ ಮನೆಗಳಿಂದ ಬಂದ ಮಕ್ಕಳಿಗೆ ಯಾರೂ ಗದರಿಸದ, ತಮ್ಮ ಆಸೆಯನ್ನು ಯಾರೂ ಕೇಳದೆಯೇ ಗೌರವಿಸುವ ಒಂದು ಗಳಿಗೆ ಅದು. ಇದನ್ನು ಅಲಂಕಾರಕ್ಕೆಂದು ಹೇಳುತ್ತಿಲ್ಲ. ನನ್ನ ಸಂಜೆಯ ಗುಂಪಿನ ಮಕ್ಕಳಿಗೆ ಅಕ್ಷರ ಬಾರದೆ ಓದು ಬಿಟ್ಟುಹೋದದ್ದು ಕಡಿಮೆ; ತಪ್ಪು ಓದಿದಾಗ ನಗುವ ಜನರ ಎದುರು ಓದಬೇಕಾಗಿ ಬಂದು ಬಿಟ್ಟುಹೋದದ್ದು ಹೆಚ್ಚು.

1929ರಲ್ಲಿ, ಪೋರ್ಟೊ ರಿಕೊದವರ ವಸತಿ ಹಾರ್ಲೆಮಿನ ತೆಂಕಣ ಭಾಗಕ್ಕೆ ಸರಿದಾಗ, ಬೆಲ್ಪ್ರೆಯವರನ್ನು 115ನೇ ಬೀದಿಯ ಶಾಖೆಗೆ ಕಳುಹಿಸಲಾಯಿತು. ಮುಂದೆ 110ನೇ ಬೀದಿಯ ಅಗಿಲಾರ್ ಶಾಖೆಗೆ. ಓದುಗರು ಹೋದ ಕಡೆಗೆ ಗ್ರಂಥಪಾಲಕಿಯೂ ಹೋದರು ಎಂಬ ಈ ಸಣ್ಣ ಆಡಳಿತಾತ್ಮಕ ಸಂಗತಿ ನನಗೆ ದೊಡ್ಡದಾಗಿ ಕಾಣುತ್ತದೆ. ವರ್ಗಾವಣೆ ಎಂದರೆ ಶಿಕ್ಷೆ ಅಥವಾ ಸರದಿ ಎಂದು ತಿಳಿಯುವ ಕಚೇರಿಗಳಲ್ಲಿ, ಜನಸಂಖ್ಯೆಯ ಚಲನೆಯನ್ನು ನೋಡಿ ಒಬ್ಬ ಸಿಬ್ಬಂದಿಯನ್ನು ಸರಿಸುವ ಯೋಚನೆಗೆ ಜಾಗವಿರುವುದಿಲ್ಲ. ಅಲ್ಲಿ ಅವರು ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಕಥಾಸಮಯ ನಡೆಸಿದರು, ಸ್ಪ್ಯಾನಿಷ್ ಪುಸ್ತಕಗಳನ್ನು ಕೊಳ್ಳಿಸಿದರು, ಜನವರಿ 6ರ ಮೂವರು ರಾಜರ ಹಬ್ಬವನ್ನು ಗ್ರಂಥಾಲಯದೊಳಗೆ ಆಚರಿಸಿದರು, ತಾವೇ ಬೊಂಬೆಗಳನ್ನು ಮಾಡಿ ಆಡಿಸಿದರು. ಸಂಜೆಯ ಹೊತ್ತು ಪೋರ್ಟೊ ರಿಕೊದವರ ನಾಗರಿಕ ಸಂಘಗಳ ಸಭೆಗಳಿಗೆ ಹೋಗಿ, ಅಲ್ಲಿ ಕೂತಿದ್ದ ತಂದೆತಾಯಿಯರಿಗೆ ಗ್ರಂಥಾಲಯ ತಮ್ಮದೂ ಹೌದೆಂದು ಅವರ ಮಾತಿನಲ್ಲಿಯೇ ತಿಳಿಸಿದರು.

ಈ ಕೊನೆಯ ಕೆಲಸದ ಬಗ್ಗೆ ತಮ್ಮ ಗಮನವನ್ನು ಸ್ವಲ್ಪ ಹೊತ್ತು ಇಲ್ಲಿಯೇ ನಿಲ್ಲಿಸಬೇಕೆಂದು ಕೇಳಿಕೊಳ್ಳುತ್ತೇನೆ. ಗ್ರಂಥಾಲಯದ ಕೆಲಸವನ್ನು ನಾವು ಎಣಿಸುವ ಬಗೆ ಹೇಗಿದೆಯೆಂದರೆ, ಮೇಜಿನ ಹಿಂದೆ ಕೂತ ಗಂಟೆ ಕೆಲಸ, ಎರವಲು ಕೊಟ್ಟ ಪುಸ್ತಕದ ಸಂಖ್ಯೆ ಕೆಲಸ. ಸಂಘದ ಸಭೆಯಲ್ಲಿ ಕೂತ ಸಂಜೆ, ಮನೆಯ ಮೆಟ್ಟಿಲಿನ ಮೇಲೆ ಒಬ್ಬ ತಾಯಿಯ ಜೊತೆ ಆಡಿದ ಅರ್ಧ ಗಂಟೆ, ಇವು ಯಾವ ದಾಖಲೆಪುಸ್ತಕಕ್ಕೂ ಬಾರದವು. ತಾಯಿ ಒಪ್ಪದೆ ಸಣ್ಣ ಮಗು ಗ್ರಂಥಾಲಯಕ್ಕೆ ಬಾರದು. ಹದಿಹರೆಯದವನಂತೂ ತನ್ನ ಗೆಳೆಯರಲ್ಲಿ ಒಬ್ಬನಾದರೂ ಬಾರದೆ ತಾನು ಬಾರನು. ಹಾಗಿದ್ದ ಮೇಲೆ ಆ ಒಪ್ಪಿಗೆಯನ್ನು ಗಳಿಸಲು ಹೊರಗೆ ಕಳೆದ ಸಮಯವೇ ಮೊದಲ ಕೆಲಸವಾಗುತ್ತದೆ. 1940ರಲ್ಲಿ ಸಿನ್ಸಿನಾಟಿಯಲ್ಲಿ ನಡೆದ ಅಮೆರಿಕದ ಗ್ರಂಥಾಲಯ ಸಂಘದ ಸಮ್ಮೇಳನದಲ್ಲಿ ಬೆಲ್ಪ್ರೆ ತಮ್ಮ ಕೆಲಸದ ಬಗ್ಗೆ ಪ್ರಬಂಧ ಮಂಡಿಸಿದರು. ವೃತ್ತಿಯ ಹಿರಿಯರ ಎದುರು ಆ ಕೆಲಸಕ್ಕೆ ಒಂದು ಸ್ಥಾನ ಸಿಕ್ಕಿತು. ಅದಾಗಲು ಹತ್ತೊಂಬತ್ತು ವರ್ಷ ಬೇಕಾಯಿತು.

ಇದೇ 135ನೇ ಬೀದಿಯ ಶಾಖೆಗೆ 1937ರಲ್ಲಿ ಬಂದ ಇನ್ನೊಬ್ಬರನ್ನೂ ಇಲ್ಲಿ ನೆನೆಯಬೇಕು. ಮಕ್ಕಳ ವಿಭಾಗಕ್ಕೆ ಬಂದ ಆಗಸ್ಟಾ ಬೇಕರ್ ಅವರಿಗೆ ಕಪಾಟಿನಲ್ಲಿ ಕಂಡದ್ದು ಕಪ್ಪು ಜನರನ್ನು ಹೀನವಾಗಿ ಚಿತ್ರಿಸಿದ ಪುಸ್ತಕಗಳು. ಓದಲು ಬಂದ ಮಕ್ಕಳು ಕಪ್ಪು ಮಕ್ಕಳು. ತನ್ನನ್ನು ಅವಮಾನಿಸುವ ಪುಟವನ್ನು ಮಗು ಯಾವ ಪ್ರೀತಿಯಿಂದ ತಿರುವೀತು? ಬೇಕರ್ ಅಂಥವನ್ನು ಬದಿಗಿಟ್ಟು, ಘನತೆಯಿಂದ ಬರೆದ ಪುಸ್ತಕಗಳನ್ನೇ ಆರಿಸಿ ಪ್ರತ್ಯೇಕ ಸಂಗ್ರಹವೊಂದನ್ನು ಕಟ್ಟಿದರು, ಪಟ್ಟಿಗಳನ್ನು ಮಾಡಿದರು, ಪ್ರಕಾಶಕರನ್ನು ಒತ್ತಾಯಿಸಿದರು. 1961ರಲ್ಲಿ ಅವರು ಇಡೀ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಮಕ್ಕಳ ಸೇವೆಗಳ ಸಂಯೋಜಕಿಯಾದರು. ಒಂದೇ ಶಾಖೆ, ಎರಡು ದಶಕಗಳೊಳಗೆ, ಇಷ್ಟು ಜನರನ್ನು ಕೊಟ್ಟಿತು. ಆ ಕಟ್ಟಡ ಬೇರೆ ಶಾಖೆಗಳ ಕಟ್ಟಡಗಳಿಗಿಂತ ವಿಶೇಷವಾದುದೇನೂ ಆಗಿರಲಿಲ್ಲ. ಅಲ್ಲಿ ಯಾರನ್ನು ನೇಮಿಸಬೇಕೆಂದು ಯೋಚಿಸಿದ ಒಬ್ಬರಿದ್ದರು.

ಬೆಲ್ಪ್ರೆ 1943ರಲ್ಲಿ ಪಿಟೀಲು ವಾದಕರೂ ಸಂಗೀತ ರಚನಕಾರರೂ ಆಗಿದ್ದ ಕ್ಲಾರೆನ್ಸ್ ಕ್ಯಾಮರನ್ ವೈಟ್ ಅವರನ್ನು ಮದುವೆಯಾಗಿ, ಕೆಲಸ ಬಿಟ್ಟು ಬರವಣಿಗೆಗೆ ತೊಡಗಿದರು. ಪೋರ್ಟೊ ರಿಕೊದ ಕಥೆಗಳ ಅವರ ಇಂಗ್ಲಿಷ್ ಸಂಕಲನ 1946ರಲ್ಲಿ ಬಂದಿತು. 1960ರಲ್ಲಿ ಪತಿ ತೀರಿಕೊಂಡ ಮೇಲೆ ಅವರು ಮತ್ತೆ ಗ್ರಂಥಾಲಯಕ್ಕೆ ಬಂದರು, ಸ್ಪ್ಯಾನಿಷ್ ಮಕ್ಕಳ ವಿಶೇಷ ತಜ್ಞೆಯಾಗಿ, ಒಂದು ಶಾಖೆಗೆ ಕಟ್ಟುಬೀಳದೆ ಸ್ಪ್ಯಾನಿಷ್ ಮಾತಾಡುವ ಮಕ್ಕಳಿರುವ ಕಡೆಗೆಲ್ಲ ಹೋಗುವ ಹುದ್ದೆಯಲ್ಲಿ. 1968ರಲ್ಲಿ ನಿವೃತ್ತರಾದರು.

ನಿವೃತ್ತಿಯ ಮಾತು ಅಲ್ಲಿಗೆ ಮುಗಿಯಲಿಲ್ಲ. ನ್ಯೂಯಾರ್ಕಿನ ಬಡ ಪ್ರದೇಶವಾದ ದಕ್ಷಿಣ ಬ್ರಾಂಕ್ಸಿನಲ್ಲಿ ಗ್ರಂಥಾಲಯವನ್ನು ಜನರ ಬಳಿಗೆ ಒಯ್ಯುವ ಹೊಸ ಯೋಜನೆಗೆ ಅವರನ್ನು ಒತ್ತಾಯದಿಂದ ಕರೆದರು, ಅವರು ಹೋದರು. ಮುಂದಿನ ದಶಕದಲ್ಲಿ ದಕ್ಷಿಣ ಬ್ರಾಂಕ್ಸ್ ಕಂಡದ್ದು ಸಾಲು ಸಾಲು ಮನೆಗಳು ಸುಟ್ಟು ಬೀಳುವುದನ್ನು, ಕುಟುಂಬಗಳು ಊರು ಬಿಡುವುದನ್ನು. 1975ರಲ್ಲಿ ನಗರಾಡಳಿತ ದಿವಾಳಿಯ ಅಂಚಿಗೆ ಬಂದಾಗ ಶಾಖಾ ಗ್ರಂಥಾಲಯಗಳ ತೆರೆದಿರುವ ಗಂಟೆಗಳಿಗೂ ಕತ್ತರಿ ಬಿತ್ತು. ಅಂಥ ನೆರೆಹೊರೆಗಳ ನಡುವೆ ಎಪ್ಪತ್ತರ ಹತ್ತಿರ ಬಂದಿದ್ದ ಆ ಹೆಂಗಸು ಹೊತ್ತೊಯ್ಯಬಹುದಾದ ಬೊಂಬೆರಂಗವನ್ನು ಕಟ್ಟಿಕೊಂಡು, ಮಕ್ಕಳು ಕೂಡುವ ಜಾಗಗಳಿಗೆ ತಾವೇ ಹೋಗಿ ಕಥೆ ಹೇಳಿದರು. ಊರೂರು ಅಲೆದು ಸೇಬಿನ ಬೀಜ ಬಿತ್ತಿದನೆಂದು ಅಮೆರಿಕದ ಮಕ್ಕಳಿಗೆ ಪರಿಚಿತನಾದ ಜಾನಿ ಆ್ಯಪಲ್‌ಸೀಡ್‌ನಂತೆ ತಾನು ಕಥೆಗಳ ಬೀಜ ಬಿತ್ತಬೇಕೆಂದು ಅವರು ಎಳೆಯ ವಯಸ್ಸಿನಲ್ಲಿ ಆಸೆಪಟ್ಟಿದ್ದರಂತೆ. ಅವರ ಕಡೆಯ ವರ್ಷಗಳನ್ನು ನೋಡಿದರೆ ಆ ಆಸೆಯನ್ನು ಅವರು ಮಾತಿಗೆ ಹೇಳಿದ್ದಲ್ಲವೆಂದು ತಿಳಿಯುತ್ತದೆ.

ಕಥೆ, ಬೊಂಬೆ, ಹಬ್ಬ ಇವೆಲ್ಲ ಚೆನ್ನಾಗಿಯೇ ಇವೆ, ಆದರೆ ಓದು ಕಲಿಸುವುದಕ್ಕೂ ಇದಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ತಮ್ಮ ಸಭೆಯಲ್ಲಿ ಬರಬಹುದು, ಬರಲೇಬೇಕು. 1986ರಲ್ಲಿ ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಎಂಬ ಇಬ್ಬರು ಸಂಶೋಧಕರು ಓದಿನ ಬಗ್ಗೆ ಒಂದು ಸರಳ ವಿವರಣೆಯನ್ನು ಮುಂದಿಟ್ಟರು. ಓದಿ ಅರ್ಥಮಾಡಿಕೊಳ್ಳುವ ಶಕ್ತಿಯು ಎರಡು ಶಕ್ತಿಗಳ ಗುಣಲಬ್ಧ: ಒಂದು, ಅಕ್ಷರಗಳನ್ನು ಬಿಡಿಸಿ ಪದವಾಗಿಸುವುದು, ಇನ್ನೊಂದು, ಕಿವಿಯಿಂದ ಕೇಳಿದ ಭಾಷೆಯನ್ನು ಅರ್ಥಮಾಡಿಕೊಳ್ಳುವುದು. ಕೂಡಿಸುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ಎರಡರಲ್ಲಿ ಒಂದು ಸೊನ್ನೆಯಾದರೆ ಉತ್ತರವೂ ಸೊನ್ನೆ. ಮುಂದಿನ ಸಂಶೋಧನೆಗಳು ಇದಕ್ಕೆ ಹಲವು ತಿದ್ದುಪಡಿ ಸೇರಿಸಿವೆಯಾದರೂ ಮೂಲ ಮಾತು ಇನ್ನೂ ನಿಂತಿದೆ. ನಗರದ ಯುವಜನರ ಸಾಕ್ಷರತೆಯ ಕಾರ್ಯಕ್ರಮಗಳು ಬಹುಮಟ್ಟಿಗೆ ಮೊದಲನೆಯ ಶಕ್ತಿಯ ಮೇಲೆಯೇ ಹಣ ಸುರಿಯುತ್ತವೆ, ಏಕೆಂದರೆ ಅದನ್ನು ಅಳೆಯುವುದು ಸುಲಭ. ಬೆಲ್ಪ್ರೆ ಕಟ್ಟಿದ್ದು ಎರಡನೆಯದನ್ನು. ಮನೆಮಾತಿನಲ್ಲಿ ನೂರು ಕಥೆ ಕೇಳಿ, ಕಥೆಯ ಒಂದು ಪಾತ್ರ ಏಕೆ ಹೀಗೆ ಮಾಡಿತೆಂದು ಊಹಿಸಲು ಕಲಿತ ಮಗು ಆ ಊಹೆಯ ಶಕ್ತಿಯನ್ನು ಇನ್ನೊಂದು ಭಾಷೆಯ ಪುಟಕ್ಕೂ ಜೊತೆಗೆ ಒಯ್ಯುತ್ತದೆ.

ನನ್ನ ಗುಂಪಿನಲ್ಲಿಯೂ ಇದನ್ನೇ ಕಂಡಿದ್ದೇನೆ. ಪುಟದ ಪ್ರತಿ ಪದವನ್ನೂ ತಪ್ಪಿಲ್ಲದೆ ಉಚ್ಚರಿಸಿ, ಕೊನೆಗೆ ಏನು ಓದಿದೆ ಎಂದು ಕೇಳಿದರೆ ಮೌನವಾಗಿ ನೋಡುವ ಹದಿನೈದರ ಹುಡುಗಿಗೆ ಇನ್ನಷ್ಟು ಅಕ್ಷರಾಭ್ಯಾಸ ಬೇಕಿಲ್ಲ. ಅವಳೊಡನೆ ಮಾತಾಡುವವರು ಬೇಕು, ಅವಳ ಮಾತಿನಲ್ಲಿ.

ಇದು ಒಬ್ಬ ಸ್ವಯಂಸೇವಕನ ಬಯಕೆಯಷ್ಟೇ ಎಂದು ತಾವು ಭಾವಿಸದಿರಲೆಂದು ಒಂದು ದಾಖಲೆಯನ್ನು ನೆನಪಿಸುತ್ತೇನೆ. ಯುನೆಸ್ಕೊ 1949ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಬಗ್ಗೆ ಒಂದು ಘೋಷಣಾಪತ್ರವನ್ನು ಹೊರಡಿಸಿತು. ಆಮೇಲೆ ಗ್ರಂಥಾಲಯ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟದ ಜೊತೆ ಸೇರಿ ಅದನ್ನು ಪರಿಷ್ಕರಿಸುತ್ತ ಬಂದಿದೆ, ತೀರ ಇತ್ತೀಚೆಗೆ 2022ರಲ್ಲಿ. ಸೇವೆ ಎಲ್ಲರಿಗೂ ಸಮಾನವಾಗಿರಬೇಕು, ತಾತ್ವಿಕವಾಗಿ ಉಚಿತವಾಗಿರಬೇಕು, ಎಂದಿನ ಸೇವೆಗಳನ್ನು ಬಳಸಲಾಗದವರಿಗೆ, ಅವರಲ್ಲಿ ಭಾಷಾ ಅಲ್ಪಸಂಖ್ಯಾತರಿಗೂ, ವಿಶೇಷ ಸೇವೆಗಳಿರಬೇಕು ಎಂದು 1994ರ ಪರಿಷ್ಕೃತ ರೂಪವೇ ಸ್ಪಷ್ಟವಾಗಿ ಹೇಳಿತ್ತು. ಬೆಲ್ಪ್ರೆ ಇದನ್ನು ಮಾಡಲು ಶುರುಮಾಡಿದ್ದು ಅದಕ್ಕೂ ಏಳು ದಶಕ ಮೊದಲು.

ಬಾಗಿಲಿನ ಬಗ್ಗೆಯೂ ಒಂದು ಮಾತು. ತಡವಾಗಿ ಮರಳಿಸಿದ ಪುಸ್ತಕದ ದಂಡ ಚಿಕ್ಕದೆಂದು ತಮಗೆ ಅನ್ನಿಸಬಹುದು. ನ್ಯೂಯಾರ್ಕ್ ನಗರದ ಮೂರು ಗ್ರಂಥಾಲಯ ವ್ಯವಸ್ಥೆಗಳು 2021ರ ಅಕ್ಟೋಬರಿನಲ್ಲಿ ಇಂಥ ದಂಡವನ್ನು ಪೂರ್ತಿಯಾಗಿ ತೆಗೆದುಹಾಕಿದವು. 15 ಡಾಲರ್ ಇಲ್ಲವೇ ಹೆಚ್ಚಿನ ಬಾಕಿಯ ಕಾರಣಕ್ಕೆ ಅಲ್ಲಿ ಸುಮಾರು 4 ಲಕ್ಷ ಜನರ ಕಾರ್ಡುಗಳು ತಡೆಹಿಡಿಯಲ್ಪಟ್ಟಿದ್ದವು, ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಬಡತನ ಹೆಚ್ಚಿರುವ ನೆರೆಹೊರೆಗಳವರು. ಮನೆಯಲ್ಲಿ ಹಣವಿದ್ದ ಮಗು ದಂಡ ಕಟ್ಟಿ ಮುಂದಿನ ಪುಸ್ತಕ ಒಯ್ಯುತ್ತದೆ. ಇಲ್ಲದ ಮಗು ಆ ಬೀದಿಯಲ್ಲಿ ನಡೆಯುವುದನ್ನೇ ಬಿಡುತ್ತದೆ. ವಿಳಾಸದ ದಾಖಲೆಯೂ ಇದೇ ಕೆಲಸ ಮಾಡುತ್ತದೆ, ಆರು ತಿಂಗಳಿಗೊಮ್ಮೆ ಬಾಡಿಗೆ ಮನೆ ಬದಲಾಯಿಸುವ ಕುಟುಂಬಗಳಿಗೆ ಅದು ದಂಡಕ್ಕಿಂತಲೂ ಎತ್ತರದ ಗೋಡೆ.

ಬೆಲ್ಪ್ರೆಯವರ ಹೆಸರಿನಲ್ಲಿ 1996ರಿಂದ ಒಂದು ಪ್ರಶಸ್ತಿಯಿದೆ. ಲ್ಯಾಟಿನೊ, ಅಂದರೆ ಲ್ಯಾಟಿನ್ ಅಮೆರಿಕ ಮೂಲದವರ, ಬದುಕನ್ನು ಮಕ್ಕಳ ಸಾಹಿತ್ಯದಲ್ಲಿ ಚಿತ್ರಿಸಿದ ಲ್ಯಾಟಿನೊ ಲೇಖಕರಿಗೂ ಚಿತ್ರಕಾರರಿಗೂ ಕೊಡುವ ಪ್ರಶಸ್ತಿ ಅದು. 2021ರಿಂದ ಹದಿಹರೆಯದವರ ಪುಸ್ತಕಗಳಿಗೂ ಪ್ರತ್ಯೇಕವಾಗಿ ಕೊಡಲಾಗುತ್ತಿದೆ. ಗೌರವ ಯೋಗ್ಯವಾದುದೇ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಪ್ರಶಸ್ತಿಯು ಪುಸ್ತಕ ಬರೆದವರನ್ನು ಗುರುತಿಸುತ್ತದೆ, ಬೆಲ್ಪ್ರೆಯವರ ಬದುಕಿನ ಬಹುಭಾಗ ಕಳೆದದ್ದು ಇನ್ನೊಬ್ಬರ ಕೈಗೆ ಪುಸ್ತಕ ಕೊಡುವುದರಲ್ಲಿ. ಆ ಭಾಗವನ್ನು ಗೌರವಿಸುವುದು ಪದಕದಿಂದ ಆಗದು, ಹುದ್ದೆಯಿಂದ ಆಗಬೇಕು. ಅದನ್ನು ಮಾಡಬಲ್ಲವರು ತಾವು ಮಾತ್ರ.

ಆದುದರಿಂದ ನನ್ನ ಕೋರಿಕೆ ಇಷ್ಟು. ಮಕ್ಕಳ ಮತ್ತು ಯುವಜನರ ವಿಭಾಗಕ್ಕೆ ಮುಂದಿನ ನೇಮಕಾತಿ ಮಾಡುವಾಗ, ಶಾಖೆಯ ಸುತ್ತಲಿನ ಮನೆಗಳಲ್ಲಿ ಯಾವ ಭಾಷೆ ಆಡುತ್ತಾರೆಂದು ಮೊದಲು ತಿಳಿದುಕೊಂಡು, ಆ ಭಾಷೆಯನ್ನು ಅರ್ಹತೆಯ ಷರತ್ತಾಗಿ ಸೇರಿಸಿ. ಪದವಿಯಿಲ್ಲದವರು ಬಂದರೆ ನೇಮಿಸಿಕೊಂಡು ತರಬೇತಿ ಕೊಡಿಸಿ. ಶಾಖೆಯ ಹೊರಗೆ, ಸಂಘಗಳಲ್ಲಿ, ಮನೆಗಳಲ್ಲಿ, ಯುವಕರು ಕೂಡುವ ಮೂಲೆಗಳಲ್ಲಿ ಅವರು ಕಳೆಯುವ ಗಂಟೆಗಳನ್ನು ಕೆಲಸವೆಂದೇ ದಾಖಲಿಸಿ, ಅದಕ್ಕೆ ಸಂಬಳವಿರಲಿ. ಅಚ್ಚಾಗದ ಕಥೆಗಳನ್ನು ಹೇಳಲು, ಬರೆದಿಡಲು, ಬರೆದದ್ದನ್ನು ಕಪಾಟಿನಲ್ಲಿಡಲು ಅನುಮತಿ ಕೊಡಿ. ಈ ಕೆಲಸವನ್ನು ಹದಿಹರೆಯದವರ ಕೈಗೇ ಒಪ್ಪಿಸಬಹುದು, ಅಜ್ಜಿಯ ಕಥೆಯನ್ನು ಕೇಳಿ ಬರೆಯುವ ಹುಡುಗ ಬರೆಯುತ್ತ ಬರೆಯುತ್ತ ಓದುಗನಾಗುವುದನ್ನು ನಾನು ಕಂಡಿದ್ದೇನೆ. ಸಂಜೆಯ ಗಂಟೆಗಳನ್ನು ಮೊಟಕುಗೊಳಿಸಬೇಡಿ. ದುಡಿಯುವ ಮಕ್ಕಳಿಗೆ ಬೇರೆ ಹೊತ್ತಿಲ್ಲ. ವಿಳಾಸದ ದಾಖಲೆಗೆ ಬದಲಾಗಿ ಶಿಕ್ಷಕರ ಅಥವಾ ನೆರೆಯವರ ಒಂದು ಮಾತನ್ನು ಒಪ್ಪಿಕೊಳ್ಳಿ. ಕೆಲವು ಪುಸ್ತಕಗಳು ಮರಳಿ ಬಾರದೆ ಇರಬಹುದು. ಆ ನಷ್ಟವನ್ನು ಲೆಕ್ಕಪುಸ್ತಕದಲ್ಲಿ ಬರೆದುಕೊಂಡು ಮುಂದೆ ಹೋಗುವಷ್ಟು ಧೈರ್ಯವನ್ನು ತಾವು ತೋರಬೇಕೆಂದು ಪ್ರಾರ್ಥಿಸುತ್ತೇನೆ.

ಇದರಲ್ಲಿ ಎಲ್ಲವೂ ಒಂದೇ ವರ್ಷದಲ್ಲಿ ಆಗದೆಂದು ನನಗೂ ತಿಳಿದಿದೆ. ಅರ್ನೆಸ್ಟೀನ್ ರೋಸ್ ಆರಂಭದಲ್ಲಿ ಮಾಡಿದ್ದೂ ಒಬ್ಬ ಸಹಾಯಕಿಯ ನೇಮಕವನ್ನು ಮಾತ್ರ. ತಾವೂ ಒಂದು ಶಾಖೆಯನ್ನು ಆರಿಸಿಕೊಳ್ಳಿ, ಒಬ್ಬರನ್ನು ನೇಮಿಸಿ, ಅವರು ಬಂದು ಅನುಮತಿ ಕೇಳಿದಾಗ ನಿಯಮದ ಪುಸ್ತಕವನ್ನು ಸ್ವಲ್ಪ ಹೊತ್ತು ಮುಚ್ಚಿಟ್ಟು ಅವರ ಮಾತು ಕೇಳಿ.

ಈ ಪತ್ರಕ್ಕೆ ಲಿಖಿತ ಉತ್ತರವನ್ನು ಕೊಡಬೇಕೆಂದು, ಸಾಧ್ಯವಾದರೆ ಸರಳ ಭಾಷೆಯಲ್ಲಿ ಕೊಡಬೇಕೆಂದು ವಿನಂತಿಸುತ್ತೇನೆ. ಮೇಲೆ ಹೇಳಿದ ಹುಡುಗ ಈಗ ತುಂಬ ನಿಧಾನವಾಗಿಯಾದರೂ ಒಂದು ಪುಟವನ್ನು ತಾನೇ ಓದುತ್ತಾನೆ. ತಮ್ಮ ಉತ್ತರ ಬಂದ ದಿನ ಅದನ್ನು ಗುಂಪಿನ ಎದುರು ಅವನಿಂದಲೇ ಓದಿಸುತ್ತೇನೆ.

ಇಂತಿ,
ತಮ್ಮ ವಿಶ್ವಾಸಿ,
ಹದಿಹರೆಯದವರ ಜೊತೆ ಓದುವ ಒಬ್ಬ ಸ್ವಯಂಸೇವಕ